ನನ್ನ ಪದ್ಯ ಓದಿದ ನೇಕಾರರು

ಕೊಳ್ಳೇಗಾಲದ ರೇಷ್ಮೆ ನೇಕಾರರೊಬ್ಬರ ಮಗ್ಗದ ಮನೆಯಲ್ಲಿ ಭಾನುವಾರಗಳಂದು ನಾವು ಪದ್ಯ ಓದಲು ಸೇರುತ್ತಿದ್ದೆವು. ಹನೂರು, ಯಳಂದೂರುಗಳಿಂದಲೂ ಕವಿಗಳು ಬರುತ್ತಿದ್ದರು. ತಮ್ಮ ಪದ್ಯವನ್ನು ಯಾರೂ ತಾವೇ ಓದುವಂತಿಲ್ಲ, ಇನ್ನೊಬ್ಬರು ಓದಬೇಕು. ಅದು ಆ ನೇಕಾರರ ಕಟ್ಟಳೆ. "ಯಾರ್ದು ಅನ್ನೋದು ಬ್ಯಾಡ, ಎಂಗದೆ ಯೋಳಿ" ಎಂದು ತೊಡೆಯ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದರು.

ಚಳವಳಿಯ ದಿನಗಳು. ಸರ್ಕಾರಿ ಮೇಷ್ಟರಾಗಿದ್ದ ನಾನು ಬಿಳಿಯರನ್ನು ಬಯ್ದು ಬರೆದಿದ್ದ ಪದ್ಯವನ್ನು ಅವರು ಓದುತ್ತಿದ್ದಾಗ ಪೊಲೀಸರು ಒಳಬಂದರು.

"ಯಾರು ಬರೆದದ್ದು?"

"ನಂದೇ ಸಾ" ಎಂದು ಅವರು ಎದ್ದು ನಿಂತರು.

ಆ ಗಳಿಗೆ ಈಗಲೂ ಕಣ್ಣಿಗೆ ಕಟ್ಟುತ್ತದೆ. ಪ್ರತಿ ಸಲವೂ ನಾನು ಕೂತೇ ಇರುತ್ತೇನೆ.

ಆರು ತಿಂಗಳ ಮೇಲೆ ಜೈಲಿನಿಂದ ಬಂದ ಅವರೆದುರು ಹೋಗಿ ನಿಂತೆ.

"ಬನ್ನಿ ಮೇಷ್ಟ್ರೇ. ಅಲ್ಲಿ ದಿನಾ ಪದ್ಯವ ಯೋಳ್ಕತಿದ್ದೆ. ಆ ಮೂರ್ನೇ ಸಾಲು ನಾಲ್ಗೆ ಮ್ಯಾಲೆ ನಿಲ್ಲಾಕಿಲ್ಲ, ತಿದ್ಬುಡಿ."