ಫೈಸಲಾ ಮಾಡುವ ಸಾಹೇಬರ ಊಟ

ಹುಮನಾಬಾದಿನಲ್ಲಿ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ನನ್ನ ಬಲಗೈಯ ಬೆರಳುಗಳು ಹೋದದ್ದು ನಿಜಾಮರ ಆಡಳಿತದ ಕೊನೆಕೊನೆಯ ವರ್ಷಗಳಲ್ಲಿ. ಹತ್ತಿ ಬೇಗ ಒಳಗೆ ಹೋಗಲೆಂದು ಕೈ ಸಿಗದಂತೆ ಯಂತ್ರದ ಬಾಯಿಗಿದ್ದ ತಗಡನ್ನು ಮಾಲೀಕರೇ ಕೀಳಿಸಿದ್ದರು. ಹತ್ತಿಯ ಜೊತೆಗೆ ಕೈಯೂ ಒಳಗೆ ಹೋಯಿತು. ಹೀಗೆ ಗಾಯಗೊಂಡವರಿಗೆ ಪರಿಹಾರ ಕೊಡಬೇಕೆಂಬ ಕಾನೂನು ಇತ್ತು. ಫೈಸಲಾ, ಅಂದರೆ ತೀರ್ಮಾನ, ಹೇಳಲು ಸರಕಾರದಿಂದ ಒಬ್ಬ ಸಾಹೇಬರು ಆಗಾಗ ಬರುತ್ತಿದ್ದರು. ಆದರೆ ಅವರು ಇಳಿದುಕೊಳ್ಳುತ್ತಿದ್ದುದು ಜಿನ್ನಿನ ಮಾಲೀಕರ ಮನೆಯಲ್ಲಿ, ವಿಚಾರಣೆ ನಡೆಸುತ್ತಿದ್ದುದು ಅವರದೇ ಪಡಸಾಲೆಯಲ್ಲಿ. ದೊಡ್ಡವರು ಊರಿಗೆ ಬಂದರೆ ಉಳ್ಳವರ ಮನೆಯಲ್ಲಿ ಇಳಿಯುವುದು ನಮ್ಮ ಕಡೆಯ ರೂಢಿ. ಅದು ಯಾರಿಗೂ ತಪ್ಪೆನಿಸಿರಲಿಲ್ಲ.

ಬಸವಕಲ್ಯಾಣದಲ್ಲಿ ನನ್ನ ಜೊತೆಗಿದ್ದ ನಮ್ಮ ಅತ್ತೆಗೂ ತಪ್ಪೆನಿಸಲಿಲ್ಲ. ಅವರ ಲೆಕ್ಕಾಚಾರವೇ ಬೇರೆ.

"ಸಾಹೇಬ್ರು ಮಾಲಕ್ರ ಅನ್ನ ಉಣ್ತಾರಲ್ಲ, ನಮ್ಮದೂ ಉಣ್ಲಿ. ಎರಡೂ ಕಡಿ ಸರಿ ಆಗ್ತದ," ಅಂದರು.

ವಿಚಾರಣೆಯ ದಿನ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹುಮನಾಬಾದಿಗೆ ಹೋದೆವು. ಸಾಹೇಬರು ಬೇಡವೆನ್ನಲಿಲ್ಲ. ಹೋಳಿಗೆಯನ್ನು ಹೊಗಳಿ ಹೊಗಳಿ ಉಂಡರು. ಅತ್ತೆಯ ಮುಖ ಅರಳಿತು. ಆಮೇಲೆ ನನ್ನ ಜೊತೆ ಕೆಲಸ ಮಾಡುತ್ತಿದ್ದ ಹೆಂಗಸರನ್ನು ಕರೆದು, ತಗಡು ಇತ್ತೋ ಇಲ್ಲವೋ ಎಂದು ಕೇಳಿದರು. ಮಾಲೀಕರು ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಹೆಂಗಸರು ನೆಲ ನೋಡಿದರು. ಮಾತಾಡುತ್ತ ಕೈ ಹಾಕಿದ್ದು ನನ್ನದೇ ತಪ್ಪು ಎಂದು ಸಾಹೇಬರು ಫೈಸಲಾ ಬರೆದರು. ನಮ್ಮ ಬುತ್ತಿಯ ಬಟ್ಟೆಯನ್ನು ಜವಾನ ಮಡಿಸಿ ತಂದುಕೊಟ್ಟ.

ದಾರಿಯುದ್ದಕ್ಕೂ ಅತ್ತೆ ಅತ್ತರು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುತ್ತಿತ್ತು. ಸಾಹೇಬರ ಮೇಲಿದ್ದಷ್ಟೇ ಸಿಟ್ಟು ನಮ್ಮ ಹೋಳಿಗೆಯ ಮೇಲೂ ಇತ್ತು. ನಾವೂ ಉಣಿಸಬಾರದಿತ್ತು, ಅವರು ಯಾರಲ್ಲೂ ಉಣ್ಣದಂತೆ ಮಾಡಬೇಕಿತ್ತು.

ಮರುದಿನವೇ ಬಸವಕಲ್ಯಾಣದ ಮುದುಕ ವಕೀಲರೊಬ್ಬರ ಮನೆಗೆ ಹೋದೆ. ಉರ್ದುವಿನಲ್ಲಿ ಅರ್ಜಿ ಬರೆಯುವವರಲ್ಲಿ ಅವರದೇ ಒಳ್ಳೆಯ ಹೆಸರು.

"ನಿನ್ನ ಫೈಸಲಾ ಆಗಿಹೋಗ್ಯಾದ ಬೇಟಿ. ಅದನ್ನ ಮತ್ತ ತೆಗಿಯಾಕ ಬರಂಗಿಲ್ಲ," ಅಂದರು.

"ನನಗ ಗೊತ್ತದರಿ. ಸಾಹೇಬ್ರು ಎಲ್ಲಿ ಉಣ್ಬೇಕು ಅನ್ನೋದು ಬರೀರಿ."

ವಕೀಲರು ಗಹಗಹಿಸಿ ನಕ್ಕರು. ನಾನು ನಗಲಿಲ್ಲ. ಅವರು ನಗು ನಿಲ್ಲಿಸಿ ಮಸಿಯ ದೌತಿ ಹತ್ತಿರ ಎಳೆದುಕೊಂಡರು.

"ಹೇಳು."

ಹೇಳಿದೆ. ಮಾಲೀಕರು ಇಂಥವರೇ ಬೇಕೆಂದು ಕೇಳಿದ ಸಾಹೇಬರನ್ನು ಫೈಸಲಾಕ್ಕೆ ಕಳಿಸಬಾರದು. ಬಂದವರು ದಾರಿಹೋಕರು ತಂಗುವ ಮುಸಾಫಿರಖಾನೆಯಲ್ಲಿ ಇಳಿಯಬೇಕು, ತಮ್ಮ ಊಟ ತಾವೇ ನೋಡಿಕೊಳ್ಳಬೇಕು. ಬಾಗಿಲು ತೆರೆದಿಟ್ಟು ವಿಚಾರಣೆ ನಡೆಸಬೇಕು, ಸಾಕ್ಷಿ ಹೇಳುವಾಗ ಮಾಲೀಕರು ಹೊರಗಿರಬೇಕು. ಅವರು ಬರೆದದ್ದನ್ನು ಮೇಲಿನವರು ಒಮ್ಮೆ ಓದಬೇಕು.

"ಇದರಾಗ ನಿನಗೇನ ಸಿಗ್ತದ?" ಎಂದು ವಕೀಲರು ಕೇಳಿದರು.

"ಏನೂ ಇಲ್ರಿ. ಬರೀರಿ."

ಮೋರಖಂಡಿ, ನಾರಾಯಣಪುರದಿಂದ ಜಿನ್ನಿಗೆ ಹೋಗುತ್ತಿದ್ದ ಹೆಂಗಸರ ಮನೆಮನೆಗೆ ಹೆಬ್ಬೆಟ್ಟು ಕೇಳಿಕೊಂಡು ತಿರುಗಿದೆ. ಕೆಲವರು ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು. ನಾನು ಕಟ್ಟೆಯ ಮೇಲೆ ಕುಳಿತೆ. ನೀರಿಗೆ ಹೋಗಲು ಬಾಗಿಲು ತೆರೆಯಲೇಬೇಕಲ್ಲ! ಊರಲ್ಲಿ ನನಗೆ ಹುಚ್ಚು ಹಿಡಿದಿದೆ ಎಂದರು. ಅತ್ತೆ ಮಾತ್ರ ದಿನಾ ನನಗೆ ರೊಟ್ಟಿ ಕಟ್ಟಿಕೊಟ್ಟರು.

ಮೇಲಿನವರಿಗೆ ಅರ್ಜಿ ಹೋದ ಮೇಲೆ ಒಂದು ಸುಗ್ಗಿ ಕಳೆಯಿತು, ಉತ್ತರವಿಲ್ಲ. ಇನ್ನೊಂದು ಅರ್ಜಿ ಬರೆಸಿದೆ. ಕೊನೆಗೆ ಹೊಸ ಸಾಹೇಬರು ಬಂದರು, ಬಂದವರು ಮುಸಾಫಿರಖಾನೆಯಲ್ಲಿ ಇಳಿದರು. ನಮ್ಮ ಅರ್ಜಿಯಿಂದಲೇ ಎಂದು ನಾನು ನಂಬಿದ್ದೇನೆ. ಬೇರೆಯವರು ಏನಾದರೂ ಅಂದುಕೊಳ್ಳಲಿ.

ಅಂದು ವಿಚಾರಣೆಯಿದ್ದದ್ದು ಮೋರಖಂಡಿಯ ಹೆಂಗಸೊಬ್ಬಳದು. ಅದೇ ಜಿನ್ನು, ಅದೇ ಗಾಯ. ಮಾಲೀಕರ ಮನೆಯಿಂದ ಬಂದ ಚಹಾವನ್ನು ಸಾಹೇಬರು ಹಾಗೆಯೇ ವಾಪಸು ಕಳಿಸಿದರು, ಸಾಕ್ಷಿಯ ಹೊತ್ತಿಗೆ ಮಾಲೀಕರನ್ನೂ ಹೊರಗೆ ಕೂರಿಸಿದರು. ನನ್ನ ಪಾಲಿಗೆ ನೆಲ ನೋಡಿದ್ದ ಹೆಂಗಸರೇ ಈಗ ತಲೆಯೆತ್ತಿ, ತಗಡು ಇರಲಿಲ್ಲ ಎಂದು ಒಬ್ಬರ ಹಿಂದೊಬ್ಬರು ಹೇಳಿದರು. ಪರಿಹಾರ ಕೊಡಬೇಕೆಂದು ಫೈಸಲಾ ಆಯಿತು. ನನಗೆ ಸಂತೋಷವಾಯಿತು, ಹೊಟ್ಟೆಕಿಚ್ಚೂ ಆಯಿತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡೆ.

ಎಲ್ಲರೂ ಏಳುವಾಗ ಸಾಹೇಬರ ಕಣ್ಣು ನನ್ನ ಕೈಯ ಮೇಲೆ ಬಿತ್ತು.

"ನಿಂದೇನಮ್ಮಾ ಮುಕದ್ದಮಾ?"

"ನಂದು ಹಿಂದಿನ ಸಾಹೇಬ್ರು ಉಂಡು ಮುಗಿಸ್ಯಾರ್ರಿ," ಅಂದೆ. "ನಾ ನೀವು ಎಲ್ಲಿ ಉಣ್ತೀರಿ ಅಂತ ನೋಡಾಕ ಬಂದೀನಿ. ಮುಂದಿನ ಸಲಾನೂ ಬರ್ತೀನ್ರಿ."