ಇಳಿಯುವಾಗ ನೋಡಿ ಕೊಂಡ ಗಾಡಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಿಟ್ಟಿನಲ್ಲಿದ್ದೇನೆ. ಈ ಸಿಟ್ಟಿನಲ್ಲಿ ಅರ್ಧ ಬೀದರದ ಒಂದು ಸ್ಕೂಟರ್ ಅಂಗಡಿಯ ಪಾಲಿಗೆ. ಉಳಿದರ್ಧ ಯಾರ ಪಾಲಿಗೆ ಎಂಬುದನ್ನು ಹೇಳಲು ನಾಲಿಗೆ ಏಳುವುದಿಲ್ಲ, ಆದರೂ ಹೇಳುತ್ತೇನೆ.

ಕಾಂತಾಬಾಯಿ ನಮ್ಮ ಅಷ್ಟೂರಿನವಳು, ನನ್ನ ಮನೆಯಿಂದ ಮೂರನೆಯ ಮನೆ. ಐವತ್ತೊಂದು ವರ್ಷ. ಬೆಳಗಿನ ಐದಕ್ಕೆ ಆಕೆ ಮತ್ತು ಇನ್ನೂ ಮೂವರು ಹೆಂಗಸರು ಒಲೆಯ ಮುಂದೆ ಕೂತರೆ ಹನ್ನೊಂದರ ಹೊತ್ತಿಗೆ ಇನ್ನೂರೈವತ್ತು ಜೋಳದ ರೊಟ್ಟಿ ಬಡಿದು ಏಳುತ್ತಾರೆ. ಆ ರೊಟ್ಟಿ, ಜೊತೆಗೊಂದು ಕ್ಯಾನ್ ಪುಂಡಿಪಲ್ಯ, ಮೇಲಿನ ಬೀದರದ ನರ್ಸಿಂಗ್ ಹುಡುಗಿಯರ ಹಾಸ್ಟೆಲಿಗೆ ಹನ್ನೆರಡೂವರೆಯೊಳಗೆ ಮುಟ್ಟಬೇಕು. ಆಮೇಲೆ ಹುಡುಗಿಯರು ಡ್ಯೂಟಿಗೆ ಹೊರಡುತ್ತಾರೆ. ಹನ್ನೊಂದು ವರ್ಷದಿಂದ ನಾಲ್ಕು ಮನೆಗಳ ಒಲೆ ಉರಿಯುತ್ತಿರುವುದು ಈ ಒಂದು ಕೆಲಸದ ಮೇಲೆ.

ನಮ್ಮೂರಿನ ಆಟೊಗಳ ವಿಷಯ ಕೇಳಬೇಡಿ. ಹತ್ತು ಮಂದಿ ತುಂಬುವವರೆಗೆ ಕದಲುವುದಿಲ್ಲ, ತುಂಬಿದ ಮೇಲೆ ಡ್ರೈವರನಿಗೆ ಚಹಾ ನೆನಪಾಗುತ್ತದೆ. ಹೀಗಾಗಿ ಎರಡು ಸಲ ರೊಟ್ಟಿ ತಡವಾಯಿತು. ಹಾಸ್ಟೆಲಿನ ವಾರ್ಡನ್ ಖುರ್ಷಿದ ಬೇಗಂ ಕೆಟ್ಟವರಲ್ಲ. ಆದರೆ ಹಸಿದ ಹುಡುಗಿಯರ ಮಾತು ಕೇಳಬೇಕಾದವರು ಅವರು.

"ಕಾಂತಾಬಾಯಿ, ಮೂರನೇ ಸಲ ಲೇಟ್ ಆದ್ರ ನಾ ಮಶೀನ್ ರೊಟ್ಟಿ ತರಸ್ತೇನಿ ನೋಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ" ಎಂದರು.

ಬೇಸರ ಮಾಡಿಕೊಂಡು ಕೂರುವ ಹೆಂಗಸು ಅಲ್ಲ ಈಕೆ. ಯಾರದೋ ಸ್ಕೂಟರ್ ಇಸಕೊಂಡು ಊರಿನ ಹಳೆಯ ಸುಲ್ತಾನರ ಗುಂಬಜುಗಳ ಪಕ್ಕದ ಬಯಲಿನಲ್ಲಿ ಎಂಟು ದಿನ ಬಿದ್ದೆದ್ದು ಗಾಡಿ ಕಲಿತಳು. ಕಟ್ಟೆಯ ಮೇಲಿನ ಗಂಡಸರು ಹಲ್ಲು ಕಿಸಿದರು. "ನಗ್ರಿ, ನಗ್ರಿ. ನಾಳಿ ಹಿಂದ ಕುಂದರಸ್ಕೋ ಅಂತ ನೀವೇ ಬರ್ತೀರಿ" ಎಂದಳು. ಪೆಟ್ರೋಲ್ ಬೇಡ, ಮನೆಯಲ್ಲೇ ಚಾರ್ಜ್ ಮಾಡಬಹುದು ಎಂದು ಎಲೆಕ್ಟ್ರಿಕ್ ಸ್ಕೂಟರ್ ನೋಡಲು ಹೊರಟಾಗ ನನ್ನನ್ನು ಜೊತೆಗೆ ಕರೆದಳು. ಯಾಕೆಂದರೆ ನಾನು ಓದಿದವನು. ಜನವಾಡದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದ ಸಂಘಪಾಲ ಗುರೂಜಿ.

ಅಂಗಡಿಯ ಮ್ಯಾನೇಜರ್ ಓಂಪ್ರಕಾಶ ಬಾಯಿತುಂಬ ಮಾತನಾಡುವ ಮನುಷ್ಯ. "ಟ್ರಯಲ್ ನೋಡ್ರಿ, ನಿಮ್ಮೂರ ತನಕಾ ಓಡಿಸ್ಕೊಂಡು ಹೋಗ್ರಿ" ಎಂದು ಕೀಲಿ ಕೊಟ್ಟ. ಕಾಂತಾಬಾಯಿ ಓಡಿಸಿದಳು, ನಾನು ಹಿಂದೆ ಕೂತೆ. ದಾರಿಬದಿಯ ಚೌಖಂಡಿ ಗೋರಿ ದಾಟಿ, ತಿರುವು ದಾಟಿ, ಗಾಡಿ ಸದ್ದಿಲ್ಲದೆ ಬಾಣದಂತೆ ಅಷ್ಟೂರಿಗೆ ಬಂತು. ತನ್ನ ಬೈಕಿನಲ್ಲಿ ಒಬ್ಬ ಕೆಲಸಗಾರನನ್ನು ಕೂರಿಸಿಕೊಂಡು ಹಿಂದೆಯೇ ಬಂದಿದ್ದ ಓಂಪ್ರಕಾಶ ಆಕೆಯ ಮನೆಯಲ್ಲಿ ಚಹಾ ಕುಡಿದು, ಬೈಕನ್ನು ಕೆಲಸಗಾರನಿಗೆ ಕೊಟ್ಟು, ಸ್ಕೂಟರನ್ನು ತಾನೊಬ್ಬನೇ ಹತ್ತಿ ವಾಪಸು ಒಯ್ದ. ನಾವು ಬಾಗಿಲಲ್ಲಿ ನಿಂತು ಕೈ ಬೀಸಿದೆವು.

ಬೀದರ ಇರುವುದು ಗುಡ್ಡದ ಮೇಲೆ, ಅಷ್ಟೂರು ಕೆಳಗೆ. ಆಕೆಯ ಹೊರೆ ತುಂಬಿ ಹೋಗುವುದು ಮೇಲಕ್ಕೆ, ಖಾಲಿ ಬುಟ್ಟಿ ಬರುವುದು ಕೆಳಕ್ಕೆ. ನಾವು ನೋಡಿದ್ದು ಇಳಿಯುವ ಗಾಡಿ. ಇಳಿಜಾರಿನಲ್ಲಿ ಹಳೆಯ ಟೈರು ಕೂಡ ಓಡುತ್ತದೆ!

ಕಾಂತಾಬಾಯಿಗೆ ಅನುಮಾನ ಬಂದಿತ್ತು. "ಗುರೂಜಿ, ಬುಟ್ಟಿ ಹೇರಿದ್ರ ಘಾಟ್ ಏರ್ತದ ಏನ್ರಿ?" ಎಂದು ಕೇಳಿದ್ದಳು. ನಾನು ಕನ್ನಡಕ ಹಾಕಿಕೊಂಡು ಅಂಗಡಿಯವರು ಕೊಟ್ಟ ಹಾಳೆ ಓದಿದೆ. ಏಳು ಡಿಗ್ರಿ ಏರು ಹತ್ತುತ್ತದೆ ಎಂದಿತ್ತು. "ಏರ್ತದ, ಏರ್ತದ, ಚಿಂತಿ ಮಾಡಬ್ಯಾಡ" ಎಂದೆ. ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ 'ಎಪ್ಪತ್ತೈದು ಕಿಲೋದ ಒಬ್ಬನೇ ಸವಾರ' ಎಂದಿದ್ದುದನ್ನು ನಾನು ಓದಲಿಲ್ಲ. ಓದದೆಯೇ ಟ್ರಯಲ್ ಸರಿ ಇದೆ ಎಂಬ ಅಂಗಡಿಯ ಚೀಟಿಗೆ ಸಾಕ್ಷಿ ಎಂದು ಸಹಿ ಜಡಿದೆ.

ಕಾಂತಾಬಾಯಿ ದುಡ್ಡು ಕಟ್ಟಿದಳು, ಗಾಡಿ ಮನೆಗೆ ಬಂತು. ಮೊದಲ ಎರಡು ದಿನ ಹಾಸ್ಟೆಲಿಗೆ ರಜೆ ಇತ್ತು. ಮೂರನೆಯ ದಿನ ಹನ್ನೊಂದೂಕಾಲಿಗೆ ಎರಡು ಬುಟ್ಟಿ, ಕ್ಯಾನು ಕಟ್ಟಿ, ಹ್ಯಾಂಡಲಿಗೆ ನೀಲಿ ರಿಬ್ಬನ್ ಬಿಗಿದು "ಜೈ ಭೀಮ್ ಗುರೂಜಿ, ಹೊಂಟೆರಿ" ಎಂದು ಹೊರಟಳು. ಅರ್ಧ ಗಂಟೆಗೆ ಏರಿನ ಕೆಳಗಿನ ಪಂಕ್ಚರ್ ಅಂಗಡಿಯ ದಸ್ತಗೀರ ನನಗೆ ಫೋನ್ ಮಾಡಿದ. ನಾನು ಹೋಗುವಷ್ಟರಲ್ಲಿ ತಿರುವಿನಲ್ಲಿ ಗಾಡಿ ನಿಂತಿತ್ತು, ಪಕ್ಕದಲ್ಲಿ ದಸ್ತಗೀರ ಒಬ್ಬನೇ. ಹಿಂದಿನ ಗಾಲಿ ಮುಟ್ಟಿದರೆ ಹಂಚಿನಂತೆ ಕಾದಿತ್ತು.

"ಮೋಟರ್ ಗಾಲ್ಯಾಗ ಅದರಿ ಗುರೂಜಿ, ಸಣ್ಣದು" ಎಂದ ದಸ್ತಗೀರ. "ಸಪಾಟ್ ರಸ್ತಾಕ ಚಲೋ. ಭಾರ ಹೇರಿ ಘಾಟಿಗಿ ಹಚ್ಚಿದ್ರ ಕಾಯ್ತದ. ಕಾದ್ರ ಸುಟ್ಟು ಹೋಗಬಾರದು ಅಂತ ತಾನೇ ಜೋರ್ ಕಡಿಮಿ ಮಾಡ್ಕೊಂಡು ನಿಲ್ತದ. ದೊಡ್ಡ ಮೋಟರಿನ ಗಾಡಿ ಏರ್ತಾವರಿ. ಇದು ಘಾಟಿನ ಗಾಡೀನೇ ಅಲ್ಲ."

"ಕಾಂತಾಬಾಯಿ ಎಲ್ಲಿ?"

ಅವನು ಗುಡ್ಡದ ಮೇಲಕ್ಕೆ ಕೈ ತೋರಿಸಿದ. ಒಂದು ಬುಟ್ಟಿ ತಲೆಯ ಮೇಲೆ, ಒಂದು ಸೊಂಟಕ್ಕೆ, ಕ್ಯಾನು ಕೈಯಲ್ಲಿ ಹಿಡಿದು ಉರಿಬಿಸಿಲಲ್ಲಿ ಆಕೆ ನಡೆದೇ ಹೋಗಿದ್ದಳು. ಹನ್ನೆರಡೂ ಇಪ್ಪತ್ತೈದಕ್ಕೆ ಹಾಸ್ಟೆಲ್ ಮುಟ್ಟಿದಳು. ಐದು ನಿಮಿಷದ ಅಂತರದಲ್ಲಿ ನಾಲ್ಕು ಒಲೆ ಉಳಿದವು.

ಗಾಲಿ ತಣಿದ ಮೇಲೆ ಖಾಲಿ ಗಾಡಿ ನನ್ನೊಬ್ಬನನ್ನು ಹೊತ್ತು ಹೇಗೋ ಮೇಲೆ ಬಂತು. ಮಧ್ಯಾಹ್ನ ಹಾಸ್ಟೆಲಿನಿಂದ ಬಂದ ಕಾಂತಾಬಾಯಿಯನ್ನು ಕೂಡಿಕೊಂಡು ಹೋಗಿ ಅಂಗಡಿಯಲ್ಲಿ ನಾನು ಗಂಟಲು ಹರಿಯುವಂತೆ ಕೂಗಾಡಿದೆ. ಓಂಪ್ರಕಾಶ ಮೊದಲು ಓವರ್‌ಲೋಡ್ ಎಂದ. ಆಮೇಲೆ ಕಾಂತಾಬಾಯಿಯನ್ನು ಕಾಲಿನಿಂದ ತಲೆಯವರೆಗೆ ನೋಡಿ "ಕಾಂತಾಬಾಯಿಯವ್ರು ಸ್ವಲ್ಪ ದಪ್ಪ ಅದಾರ" ಎಂದ. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ. ಅಷ್ಟಕ್ಕೇ ನಿಲ್ಲದೆ ರಿಬ್ಬನ್ ಕಡೆ ನೋಡಿ, "ಹೊಸ ಗಾಡಿಗಿ ಪೂಜಾ ಮಾಡ್ಸಿಲ್ಲ, ನಿಂಬಿಹಣ್ಣ ಮ್ಯಾಲ ಹಾಯ್ಸಿಲ್ಲ. ಹಿಂಗೇ ಆಗ್ತದ" ಎಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕಾಂತಾಬಾಯಿ ಮಾತ್ರ ದನಿ ಎತ್ತಲಿಲ್ಲ. "ನಿಂಬಿಹಣ್ಣು ಗಾಲಿ ತಿರಗಸ್ತದ ಏನ್ರಿ? ಹಂಗಿದ್ರ ಮೋಟರ್ ಯಾಕ ಹಚ್ಚೀರಿ?" ಎಂದಳು.

ನಾಲ್ಕು ಗಿರಾಕಿಗಳು ನಕ್ಕರು. ಅವಮಾನವಾದ ಓಂಪ್ರಕಾಶ ಒಳಗಿನಿಂದ ಒಂದು ಚೀಟಿ ತಂದು ನನ್ನ ಮೂಗಿನ ಮುಂದೆ ಹಿಡಿದ. "ಟ್ರಯಲ್ ಸರಿ ಅದ ಅಂತ ಸಹಿ ಮಾಡಿದವ್ರು ಯಾರ್ರಿ? ನಿವೃತ್ತ ವಿಜ್ಞಾನ ಶಿಕ್ಷಕರು ಅಂತನೂ ಬರದೀರಿ!"

ನನ್ನ ಸಹಿ. ಮುದ್ದಾದ ಅಕ್ಷರ. ಮೂವತ್ತು ವರ್ಷ ಬೋರ್ಡಿನ ಮೇಲೆ ಇಳಿಜಾರಿನ ಚಿತ್ರ ಬರೆದು, ಭಾರ ಹೆಚ್ಚಿದಷ್ಟು ಬಲ ಹೆಚ್ಚು ಬೇಕು ಎಂದು ಮಕ್ಕಳ ಕಿವಿ ಹಿಂಡಿದವನು ನಾನು. ನನ್ನ ವಿದ್ಯೆಯೆಲ್ಲ ಪುಸ್ತಕದ ಬದನೆಕಾಯಿ.

ಕಾಂತಾಬಾಯಿ ಚೀಟಿ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಓಂಪ್ರಕಾಶನ ಕಡೆ ತಿರುಗಿದಳು. "ಗುರೂಜಿದು ಇರಲಿ. ನಾಳಿ ನೀವೇ ಬಂದು ಬುಟ್ಟಿ ಹೇರ್ಕೊಂಡು ಏರಿಸಿ ತೋರಸ್ರಿ. ಏರಿದ್ರ ನಾ ಸುಮ್ನಾಗ್ತೇನಿ." ಗಿರಾಕಿಗಳ ಮುಂದೆ ಅವನಿಗೆ ಇಲ್ಲ ಅನ್ನಲಾಗಲಿಲ್ಲ.

ಮರುದಿನ ರೊಟ್ಟಿಯ ಬುಟ್ಟಿ ಕಟ್ಟಿಕೊಂಡು ಓಂಪ್ರಕಾಶ ಒಬ್ಬನೇ ಹೊರಟ. ತಿರುವಿನಲ್ಲಿ ಗಾಡಿ ನಿಂತಿತು, ಎರಡೂ ಕಾಲು ನೆಲಕ್ಕೆ ಊರಿದ. ಅಲ್ಲೇ ಕಾಯುತ್ತಿದ್ದ ಆಕೆ ಬುಟ್ಟಿ ಬಿಚ್ಚಿ, ದುಪ್ಪಟ್ಟು ಬಾಡಿಗೆಗೆ ಮೊದಲೇ ಹೇಳಿ ನಿಲ್ಲಿಸಿದ್ದ ಆಟೊ ಹತ್ತಿ, "ಸಂಜಿಗಿ ಕಾಗದದ ಮ್ಯಾಲ ಬರದು ಇಡ್ರಿ" ಎಂದು ಹೋದಳು. ದೊಡ್ಡ ಮೋಟರಿನ ಗಾಡಿ ಬದಲಿ ಕೊಡುತ್ತೇವೆ, ಬರಲು ಒಂದು ತಿಂಗಳು ಬೇಕು, ಅಲ್ಲಿಯತನಕ ಇದೇ ಗಾಡಿ ಎಂದು ಅವನು ಬರೆದುಕೊಟ್ಟ.

"ತಿಂಗಳ ತನಕಾ ಹ್ಯಾಂಗ?" ಎಂದು ನಾನು ಕೇಳಿದೆ.

"ಸಹಿ ನಿಮ್ದರಿ ಗುರೂಜಿ" ಎಂದಳು. "ದಿನಾ ಹನ್ನೊಂದೂವರಿಗಿ ತಿರುವಿನ್ಯಾಗ ನಿಂದರ್ರಿ."

ಇಂದಿಗೆ ಹತ್ತೊಂಬತ್ತು ದಿನ. ಅರವತ್ತೆರಡರ ವಯಸ್ಸಿನಲ್ಲಿ, ಬಿಸಿಲಲ್ಲಿ, ಆಕೆಯ ಗಾಡಿಯ ಹಿಂದೆ ಎರಡೂ ಕೈ ಊರಿ ದೂಡುತ್ತೇನೆ. ಜನವಾಡದಲ್ಲಿ ನನ್ನ ಹತ್ತಿರ ಕಲಿತವರು ಬೈಕಿನಲ್ಲಿ ಹೋಗುವಾಗ ನಿಧಾನ ಮಾಡಿ ನಮಸ್ಕಾರ ಹೇಳುತ್ತಾರೆ. ಒಂದು ದಿನವೂ ರೊಟ್ಟಿ ತಡವಾಗಿಲ್ಲ.

ನಿನ್ನೆ ಚೌಖಂಡಿ ಹತ್ತಿರ ಬಂದಾಗ ಕಾಂತಾಬಾಯಿ ಹಿಂದೆ ತಿರುಗದೆಯೇ ಹೇಳಿದಳು: "ಗುರೂಜಿ, ಅವತ್ತ ಏರ್ತದ, ಏರ್ತದ ಅಂದ್ರಲ್ಲ. ಖರೇನೇ ಅಂದಿದ್ರಿ ನೋಡ್ರಿ. ಏರ್ಲಕತ್ತದ."

ನಾನು ಕಾಲೂರಿ ಇನ್ನೊಂದು ಸಲ ಜೋರಾಗಿ ದೂಡಿದೆ.