ಏಲೀಯಾ ಮಾಸ್ತರರು ಹಿಡಿಯಬೇಕಿದ್ದ ಸೀಟು

ಏಲೀಯಾ ಮಾಸ್ತರರು ಕುರ್ಚಿಯಿಂದ ಏಳುವುದೆಂದರೆ ನಮ್ಮ ಓಣಿಗೆ ಒಂದು ಕಾರ್ಯಕ್ರಮ. ಮೊದಲು ‘ಯೇಸಪ್ಪಾ’ ಎನ್ನುವರು, ಆಮೇಲೆ ಮೊಣಕಾಲು ಕಟಕಟ ಎನ್ನುವವು, ಕೊನೆಗೆ ಯಾರಾದರೂ ರಟ್ಟೆ ಹಿಡಿದು ಎಬ್ಬಿಸಬೇಕು. ಅರ್ಧ ಚಿಕ್ಕೋಡಿಯನ್ನು ಮೈದಾನದಲ್ಲಿ ಓಡಿಸಿ ಗೋಳು ಹೊಯ್ದುಕೊಂಡ ಡ್ರಿಲ್ ಮಾಸ್ತರರ ಮೊಣಕಾಲೇ ಹೀಗೆ ಕೈಕೊಟ್ಟದ್ದು ಹಳೆಯ ವಿದ್ಯಾರ್ಥಿಗಳಿಗೆಲ್ಲ ಒಳಗೊಳಗೇ ಖುಷಿ. ನನಗೂ ಅಷ್ಟೇ, ಸುಳ್ಳೇಕೆ ಹೇಳಲಿ.

ಅದು ಎಂಬತ್ತರ ದಶಕದ ಕೊನೆ. ಮಾಸ್ತರರು ಕ್ರಿಸ್ತನನ್ನು ಕೊಲ್ಹಾಪುರದ ಬಸ್ಸಿಗೆ ಕಾದಂತೆ ಕಾಯುತ್ತಿದ್ದರು. ಬರುವುದು ಖಾತ್ರಿ, ಎಷ್ಟು ಹೊತ್ತಿಗೆಂದು ಮಾತ್ರ ಯಾರಿಗೂ ಗೊತ್ತಿಲ್ಲ. ತುತ್ತೂರಿ ಊದುತ್ತದೆ, ಸಮಾಧಿಯಲ್ಲಿದ್ದವರೆಲ್ಲ ಏಳುತ್ತಾರೆ; ಅದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಸಂಶಯವೆಲ್ಲ ಮೊಣಕಾಲಿನ ಮೇಲೆ.

“ಸಂತಿ ದಿನಾ ಸ್ಟ್ಯಾಂಡಿಗೆ ಬಸ್ ಬಂದಾಗ ನೋಡೀರಿಲ್ಲೋ ಗೌಡ್ರ?” ಎಂದು ನಮ್ಮಪ್ಪನ ಮುಂದೆ ಅಲವತ್ತುಕೊಳ್ಳುತ್ತಿದ್ದರು. “ಹುಡುಗೂರು ಖಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡಿತಾವ. ನಾ ಮೊಣಕಾಲ ಹಿಡಕೊಂಡು ಏಳೂದ್ರಾಗ ಸ್ವರ್ಗ ಫುಲ್ ಆಗಿರ್ತೈತಿ!”

ಅಪ್ಪ ಹೊಟ್ಟೆ ಹಿಡಿದು ನಗುತ್ತಿದ್ದ. ಮಾಸ್ತರರು ನಗುತ್ತಿರಲಿಲ್ಲ. ಹಿಂದೊಮ್ಮೆ ಅವರಿಗೆ ಸೀಟು ಹಿಡಿಯಲಾಗದೆ ಹೆಂಡತಿ ರಾಹೇಲಬಾಯಿ ನಿಪ್ಪಾಣಿತನಕ ನಿಂತೇ ಹೋಗಿದ್ದರು. ಇಳಿದ ಮೇಲೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ಈಗ ಆಕೆ ಮಣ್ಣಲ್ಲಿದ್ದರು, ಪಕ್ಕದ ಜಾಗ ಮಾಸ್ತರರಿಗೆ.

“ಆಕಿ ತುತ್ತೂರಿ ಕೇಳಿದ ಕೂಡ್ಲೇ ಎದ್ದು ಸೀರಿ ಝಾಡಿಸ್ಕೊಂಡು ನಿಲ್ಲಾಕಿರಿ. ನಾ ಇನ್ನೂ ಬಿದ್ದಿದ್ರ ಬಿಟ್ಟು ಹೋಗ್ತಾಳ. ಆಕಿ ಇಲ್ಲದ ಸ್ವರ್ಗದಾಗ ನಾ ಏನ್ ಮಾಡ್ಲಿ?”

ಅಷ್ಟರಲ್ಲಿ ನಮ್ಮ ದೊಡ್ಡಪ್ಪ ತೀರಿಕೊಂಡರು. ನಾವು ಲಿಂಗಾಯತರು, ಕೂರಿಸಿಯೇ ಹೂಳುವವರು. ಮಣ್ಣಿಗೆ ಬಂದ ಮಾಸ್ತರರು ಗುಣಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ದೊಡ್ಡಪ್ಪನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. “ಅರ್ಧಾ ಎದ್ದಂಗ ಆತಲ್ರಿ ಇದು! ನನ್ನೂ ಹಿಂಗ ಕುಂಡ್ರಸ್ರಿ.”

ಮರುದಿನವೇ ಹೋಗಿ ಪಾದ್ರಿಗಳನ್ನು ಕೇಳಿದರು. ಪಾದ್ರಿಗಳು ಕೆಂಡವಾದರು.

“ಮಾಸ್ತರ, ದೇವರು ಹೊಸಾ ಶರೀರ ಕೊಡ್ತಾನ.”

“ಕೊಡ್ಲಿ. ಏಳೂದು ಮೊದ್ಲೋ, ಶರೀರ ಕೊಡೂದು ಮೊದ್ಲೋ?”

“ಮಲಗಿಸೇ ಹುಗಿಯೂದು!” ಎಂದು ಪಾದ್ರಿಗಳು ದಡಾರನೆ ಬಾಗಿಲು ಹಾಕಿಕೊಂಡರು.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಮಾಸ್ತರರು ಹೋದರು. ಅಪ್ಪ ಗುದ್ದಲಿಯನ್ನು ಬೇರೆಯವರಿಗೆ ಕೊಡಲಿಲ್ಲ. ಕ್ರಿಸ್ತ ಮೂಡಣದಿಂದ ಬರುತ್ತಾನೆಂದು ಅವರಲ್ಲಿ ಕಾಲು ಪೂರ್ವಕ್ಕೆ ಇಡುವ ರೂಢಿ. ಕಾಲಿನ ಕಡೆ ಅಪ್ಪ ಆಳವಾಗಿ ಅಗೆದ, ತಲೆಯ ಕಡೆ ಮಣ್ಣು ಹಾಗೇ ಬಿಟ್ಟ. ಪೆಟ್ಟಿಗೆ ಇಳಿಸಿದರೆ ಮಾಸ್ತರರು ಆರಾಮ ಕುರ್ಚಿಯಲ್ಲಿ ಒರಗಿದ ಹಾಗೆ ಆಯಿತು.

“ಇದ್ಯಾಕ ಇಳಿಜಾರ ಆಗೈತಿ, ಗೌಡ್ರ?” ಪಾದ್ರಿಗಳು ಕೇಳಿದರು.

“ತಲಿ ಕಡೆ ಬಂಡೆಗಲ್ಲ ಹತ್ತೈತ್ರಿ.”

ಆ ಎರೆಮಣ್ಣಿನಲ್ಲಿ ಹುಡುಕಿದರೂ ಒಂದು ಗುಂಡುಕಲ್ಲು ಸಿಗದು. ಪಾದ್ರಿಗಳು ಅಪ್ಪನ ಮುಖವನ್ನೇ ನೋಡಿದರು, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಶುರು ಮಾಡಿದರು.

ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಅಪ್ಪ ಹೆಗಲ ಮೇಲಿನ ಟವೆಲ್ ಎಳೆದು ಗುಣಿಯೊಳಗೆ ಒಗೆದ.

“ಮಾಸ್ತರ, ರಾಹೇಲಬಾಯಾರಿಗೊಂದು, ನಿಮಗೊಂದು ಸೀಟ್ ಹಿಡೀರಿ. ಜಾಗಾ ಉಳದ್ರ ನನಗೂ ಒಂದು.”

ಟವೆಲ್ ಹೋಗಿತ್ತಲ್ಲ, ಅಪ್ಪ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ.